ಪೇಪರ್ ಯಾವ ಜರ್ನಲ್‌ಗೆ ಕಳಿಸಬೇಕು? ಕೇರ್ ಪಟ್ಟಿ ಹೋದ ಮೇಲೆ ನಾವೇ ನೋಡಿಕೊಳ್ಳಬೇಕಾದ್ದು

2025ರ ಫೆಬ್ರವರಿಯಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಒಪ್ಪಬಹುದಾದ ಸಂಶೋಧನಾ ಜರ್ನಲ್‌ಗಳ ತನ್ನ ಕೇರ್ ಪಟ್ಟಿಯನ್ನು ಕೈಬಿಟ್ಟಿತು. ಅದಕ್ಕೂ ಹಿಂದಿನ ಐದಾರು ವರ್ಷ ಸಂಶೋಧನಾ ವಿದ್ಯಾರ್ಥಿಗಳೂ ಅಧ್ಯಾಪಕರೂ ಜರ್ನಲ್ ಬಗ್ಗೆ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ‘ಇದು ಕೇರ್‌ನಲ್ಲಿದೆಯಾ ಸರ್?’ ಇದೆ ಎಂದರೆ ಪೇಪರ್ ಹೋಯಿತು, ಇಲ್ಲ ಎಂದರೆ ಇನ್ನೊಂದನ್ನು ಹುಡುಕಬೇಕು. ಈಗ ಆ ಪ್ರಶ್ನೆಗೆ ಉತ್ತರವೇ ಇಲ್ಲ. ಯುಜಿಸಿ ಒಂದಷ್ಟು ಮಾನದಂಡಗಳನ್ನು ಸೂಚಿಸಿ ಆಯ್ಕೆಯ ಹೊಣೆಯನ್ನು ವಿಶ್ವವಿದ್ಯಾಲಯಗಳಿಗೆ ಬಿಟ್ಟಿತು. ಅಲ್ಲಿಂದ ಅದು ವಿಭಾಗಕ್ಕೆ ಇಳಿಯಿತು, ವಿಭಾಗದಿಂದ ಗೈಡ್‌ಗೆ, ಗೈಡ್‌ನಿಂದ ಬಹಳ ಕಡೆ ವಿದ್ಯಾರ್ಥಿಯ ತಲೆಗೇ ಬಂತು.

ಗ್ರಂಥಾಲಯದಲ್ಲಿ ಕೂತು ಇಂಥ ಪ್ರಶ್ನೆಗಳಿಗೆ ಉತ್ತರ ಹುಡುಕಿಕೊಡುವುದು ನನ್ನ ಕೆಲಸದ ಒಂದು ಭಾಗ. ಪಟ್ಟಿ ಹೋಯಿತೆಂದು ನನಗೆ ಬೇಸರವಿಲ್ಲ. ಜರ್ನಲ್ ಒಂದರ ಬಗ್ಗೆ ಎರಡು ಸಂಗತಿ ಗೊತ್ತಾದರೆ ಅದರ ನಿಯತ್ತು ಹೆಚ್ಚುಕಡಿಮೆ ಗೊತ್ತಾದಂತೆಯೇ. ಅದು ನಡೆಯುವ ದುಡ್ಡು ಯಾರ ಕಿಸೆಯಿಂದ ಬರುತ್ತದೆ ಎಂಬುದು ಒಂದು. ತಾನು ಪ್ರಕಟಿಸಿದ್ದು ತಪ್ಪೆಂದು ಗೊತ್ತಾದಾಗ ಅದು ಏನು ಮಾಡುತ್ತದೆ ಎಂಬುದು ಇನ್ನೊಂದು. ಮುಂದಿನ ಹೋಲಿಕೆಯನ್ನೆಲ್ಲ ಈ ಎರಡರ ಮೇಲೆಯೇ ಮಾಡಿದ್ದೇನೆ.

ಪಟ್ಟಿ ಇದ್ದಾಗಲೂ ಕಾಯಲಿಲ್ಲ

ಕೇರ್‌ಗೂ ಮುಂಚೆ ಯುಜಿಸಿಯ ‘ಅನುಮೋದಿತ ಜರ್ನಲ್‌ಗಳ ಪಟ್ಟಿ’ ಇತ್ತು. 2018ರ ಮೇ ತಿಂಗಳಲ್ಲಿ ಅದರಿಂದ ಒಂದೇ ಏಟಿಗೆ 4,305 ಜರ್ನಲ್‌ಗಳನ್ನು ತೆಗೆದುಹಾಕಬೇಕಾಯಿತು. ಅದೇ ವರ್ಷ ಬೆಂಗಳೂರಿನ ‘ಕರೆಂಟ್ ಸೈನ್ಸ್’ನಲ್ಲಿ ಬಂದ ಅಧ್ಯಯನವೊಂದು, ವಿಶ್ವವಿದ್ಯಾಲಯಗಳೇ ಶಿಫಾರಸು ಮಾಡಿ ಸೇರಿಸಿದ್ದ, ಆದರೆ ಬೇರೆ ದೊಡ್ಡ ಸೂಚಿಗಳಲ್ಲಿ ಇಲ್ಲದ ಜರ್ನಲ್‌ಗಳನ್ನು ಆಯ್ದು ಪರೀಕ್ಷಿಸಿತು. ಅವುಗಳಲ್ಲಿ ಶೇ. 88ಕ್ಕೂ ಹೆಚ್ಚು ಕಳಪೆಯಾಗಿರುವ ಸಾಧ್ಯತೆ ಕಂಡುಬಂತು. ಅಂದರೆ ಆ ಕಸವನ್ನು ಒಳಗೆ ಬಿಟ್ಟವರು ಹೊರಗಿನವರಲ್ಲ.

ವಿದೇಶದ ಪಟ್ಟಿಗಳೂ ಪೂರ್ತಿ ಭದ್ರವಲ್ಲ. ಪೋಲೆಂಡಿನ ಸಂಶೋಧಕರು ಇಲ್ಲದ ವಿದ್ವಾಂಸೆಯೊಬ್ಬರ ಹೆಸರಿನಲ್ಲಿ 360 ಜರ್ನಲ್‌ಗಳಿಗೆ ‘ನನ್ನನ್ನು ಸಂಪಾದಕಿಯಾಗಿ ಸೇರಿಸಿಕೊಳ್ಳಿ’ ಎಂದು ಅರ್ಜಿ ಹಾಕಿದ್ದರು. ಅರ್ಜಿಯಲ್ಲಿದ್ದ ಪದವಿಗಳೂ ಪುಸ್ತಕದ ಅಧ್ಯಾಯಗಳೂ ಕಲ್ಪಿತ. ಫಲಿತಾಂಶ 2017ರಲ್ಲಿ ‘ನೇಚರ್’ನಲ್ಲಿ ಬಂತು. ಅಮೆರಿಕದ ಗ್ರಂಥಪಾಲಕ ಜೆಫ್ರಿ ಬೀಲ್ ಮಾಡಿದ್ದ ಸಂಶಯಾಸ್ಪದ ಜರ್ನಲ್‌ಗಳ ಪಟ್ಟಿಯ 120ರಲ್ಲಿ 40 ಆಕೆಯನ್ನು ಸೇರಿಸಿಕೊಂಡವು. ಯಾರು ಬೇಕಾದರೂ ಉಚಿತವಾಗಿ ಓದಬಹುದಾದ ಮುಕ್ತ ಜರ್ನಲ್‌ಗಳ ಅಂತಾರಾಷ್ಟ್ರೀಯ ಡೈರೆಕ್ಟರಿಯಾದ ಡಿಓಎಜೆಯ 120ರಲ್ಲಿ 8 ಸೇರಿಸಿಕೊಂಡವು. ಅಧಿಕೃತ ಇಂಪ್ಯಾಕ್ಟ್ ಫ್ಯಾಕ್ಟರ್ (ಜರ್ನಲ್‌ನ ಲೇಖನಗಳನ್ನು ಬೇರೆಯವರು ಎಷ್ಟು ಉಲ್ಲೇಖಿಸುತ್ತಾರೆ ಎಂಬ ಅಳತೆ) ಇರುವ 120ರಲ್ಲಿ ಒಂದೂ ಸೇರಿಸಿಕೊಳ್ಳಲಿಲ್ಲ. ಒಳ್ಳೆಯ ಪಟ್ಟಿ ಅಪಾಯವನ್ನು ಬಹಳ ತಗ್ಗಿಸುತ್ತದೆ, ಪೂರ್ತಿ ತೆಗೆಯುವುದಿಲ್ಲ. ಡಿಓಎಜೆಯ ಆ ಎಂಟರ ಪೈಕಿ ಒಂದಕ್ಕೆ ನಿಮ್ಮ ಮೂರು ವರ್ಷದ ಕೆಲಸ ಹೋಗಿ ಸೇರಬಹುದು.

ಪಟ್ಟಿ ಸ್ಥಿರವೂ ಅಲ್ಲ. 2023ರಲ್ಲಿ ಜರ್ನಲ್‌ಗಳ ಅಂತಾರಾಷ್ಟ್ರೀಯ ಸೂಚಿಯಾದ ವೆಬ್ ಆಫ್ ಸೈನ್ಸ್ ಒಂದೇ ಸಲಕ್ಕೆ ಹಲವು ಡಜನ್ ಜರ್ನಲ್‌ಗಳನ್ನು ಕೈಬಿಟ್ಟಿತು. ವರ್ಷಕ್ಕೆ ಸಾವಿರಾರು ಲೇಖನ ಪ್ರಕಟಿಸುತ್ತಿದ್ದ ಪರಿಸರ ಆರೋಗ್ಯದ ದೊಡ್ಡ ಜರ್ನಲ್ ಒಂದು ಕೂಡ ಅದರಲ್ಲಿತ್ತು. ಅಂಥದ್ದೇ ಇನ್ನೊಂದು ಸೂಚಿಯಾದ ಸ್ಕೋಪಸ್ ಕೂಡ ಕೈಬಿಟ್ಟವುಗಳ ಪಟ್ಟಿಯನ್ನು ಪ್ರಕಟಿಸುತ್ತದೆ. ಆದ್ದರಿಂದ ಸ್ಕೋಪಸ್‌ನಲ್ಲಿ ಜರ್ನಲ್ ಹೆಸರು ಸಿಕ್ಕಿತೆಂದು ಸುಮ್ಮನಾಗಬೇಡಿ. ಹೆಸರಿನ ಪಕ್ಕದಲ್ಲಿ ಯಾವ ವರ್ಷದಿಂದ ಯಾವ ವರ್ಷದವರೆಗೆ ಎಂದು ಬರೆದಿರುತ್ತದೆ. ಕೊನೆಯ ವರ್ಷ ಎರಡು ವರ್ಷ ಹಿಂದಿನದಾಗಿದ್ದರೆ ಆ ಜರ್ನಲ್ ಈಗ ಅಲ್ಲಿಲ್ಲ ಎಂದೇ ತಿಳಿಯಿರಿ, ಅದರ ವೆಬ್‌ಸೈಟು ಏನೇ ಹೇಳಿಕೊಳ್ಳಲಿ.

ಓದುಗ ಕೊಡುವ ಜರ್ನಲ್, ಲೇಖಕ ಕೊಡುವ ಜರ್ನಲ್

ಹಳೆಯ ಪದ್ಧತಿ ಚಂದಾ ಜರ್ನಲ್‌ನದು. ಗ್ರಂಥಾಲಯ ಚಂದಾ ಕಟ್ಟುತ್ತದೆ, ಲೇಖಕ ಏನೂ ಕೊಡಬೇಕಿಲ್ಲ. ನಿಮ್ಮ ಲೇಖನ ಒಪ್ಪಿಕೊಂಡರೂ ತಿರಸ್ಕರಿಸಿದರೂ ಪ್ರಕಾಶಕರಿಗೆ ಆ ಕ್ಷಣದಲ್ಲಿ ಲಾಭನಷ್ಟವಿಲ್ಲ. ತಿರಸ್ಕರಿಸುವ ಸ್ವಾತಂತ್ರ್ಯ ಉಳಿಯುವುದು ಇದರಿಂದಲೇ, ಈ ದಾರಿಯ ದೊಡ್ಡ ಬಲವೂ ಇದೇ. ದುಡ್ಡಿಲ್ಲದ ವಿದ್ಯಾರ್ಥಿಗೆ ನಾನು ಮೊದಲು ಹೇಳುವುದು ಇದನ್ನೇ.

ಆಕ್ಷೇಪ ಗೊತ್ತಿದ್ದದ್ದೇ: ‘ಅಲ್ಲಿ ಹಾಕಿದರೆ ನಮ್ಮ ಊರಿನ ಕಾಲೇಜಿನವರಿಗೇ ಓದಲು ಸಿಗುವುದಿಲ್ಲ.’ ಈ ಮಾತು ಈಗ ಅರ್ಧ ಮಾತ್ರ ನಿಜ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ‘ಒಂದು ರಾಷ್ಟ್ರ ಒಂದು ಚಂದಾದಾರಿಕೆ’ ಯೋಜನೆಯಲ್ಲಿ 2025ರಿಂದ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಕೊಟ್ಟು, 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳನ್ನು 6,300ರಷ್ಟು ಸರ್ಕಾರಿ ಸಂಸ್ಥೆಗಳಿಗೆ ತೆರೆದಿದ್ದಾರೆ. ಧಾರವಾಡದ, ಕಲಬುರಗಿಯ ಸರ್ಕಾರಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗೆ ಇದು ದೊಡ್ಡ ಬದಲಾವಣೆ. ಖಾಸಗಿ ಕಾಲೇಜಿನವರು, ಸಂಸ್ಥೆಗಳ ಹೊರಗಿದ್ದು ಓದುವವರು ಇನ್ನೂ ಹೊರಗೇ ಇದ್ದಾರೆ. ಅವರಿಗಾಗಿ ಲೇಖಕರೇ ಮಾಡಬಹುದಾದ ಕೆಲಸವೊಂದಿದೆ. ತಜ್ಞರ ಪರಿಶೀಲನೆ ಮುಗಿದು ಒಪ್ಪಿಗೆಯಾದ, ಆದರೆ ಪ್ರಕಾಶಕರ ಪುಟವಿನ್ಯಾಸಕ್ಕೆ ಹೋಗದ ವರ್ಡ್ ಪ್ರತಿಯನ್ನು ತಮ್ಮ ಸಂಸ್ಥೆಯ ಆನ್‌ಲೈನ್ ಭಂಡಾರದಲ್ಲಿ ಇಡಲು ಬಹಳಷ್ಟು ಪ್ರಕಾಶಕರು ಅನುಮತಿ ಕೊಡುತ್ತಾರೆ, ಕೆಲವರು ಆರು ತಿಂಗಳೋ ವರ್ಷವೋ ಕಾಯಿಸಿ. ಕಾಪಿರೈಟ್ ಫಾರಂಗೆ ಸಹಿ ಹಾಕುವ ಮುಂಚೆ ಇದನ್ನು ಓದಿ. ಸಹಿ ಹಾಕಿದ ಮೇಲೆ ಕೇಳಿ ಪ್ರಯೋಜನವಿಲ್ಲ.

ಲೇಖಕ ದುಡ್ಡು ಕೊಡುವ ಮುಕ್ತ ಜರ್ನಲ್‌ಗಳಲ್ಲಿ ಲೆಕ್ಕ ತಿರುವುಮುರುವು. ಓದುವವರಿಗೆಲ್ಲ ಉಚಿತ, ಖರ್ಚು ಲೇಖಕನದು. ಲೇಖಕ ಕೊಡುವ ಈ ಪ್ರಕಟಣಾ ಶುಲ್ಕವನ್ನು ಎಪಿಸಿ ಎನ್ನುತ್ತಾರೆ. ‘ನೇಚರ್’ 2021ರಲ್ಲಿ ಈ ದಾರಿ ತೆರೆದಾಗ ಇಟ್ಟ ದರ 9,500 ಯೂರೋ. ನಮ್ಮಲ್ಲಿ ಅತಿಥಿ ಉಪನ್ಯಾಸಕರಾಗಿರುವವರ ಎರಡು ವರ್ಷದ ಗಳಿಕೆ ಅದರಲ್ಲಿ ಮುಳುಗಿಹೋಗುತ್ತದೆ. ಸಾಮಾನ್ಯ ಜರ್ನಲ್‌ಗಳ ದರ ಇದಕ್ಕಿಂತ ಬಹಳ ಕಡಿಮೆ, ಆದರೂ ಜೇಬಿನಿಂದ ಕೊಡುವಂಥದ್ದಲ್ಲ. ಬಡ ದೇಶಗಳಿಗೆ ಕೊಡುವ ಪೂರ್ಣ ರಿಯಾಯಿತಿಯಲ್ಲಿ ಭಾರತ ಸಾಮಾನ್ಯವಾಗಿ ಸೇರುವುದಿಲ್ಲ ಎಂಬುದು ನಮ್ಮವರಿಗೆ ತಡವಾಗಿ ಗೊತ್ತಾಗುತ್ತದೆ. ಕೆಲವು ಪ್ರಕಾಶಕರು ಕೇಳಿದರೆ ಕಡಿಮೆ ಮಾಡುತ್ತಾರೆ. ಅದನ್ನು ಲೇಖನ ಕಳಿಸುವಾಗಲೇ ಕೇಳಬೇಕು, ಒಪ್ಪಿಗೆಯ ಪತ್ರ ಬಂದ ಮೇಲಲ್ಲ.

ದುಡ್ಡು ಕೇಳುವುದೇ ಮೋಸ ಎಂದುಕೊಳ್ಳಬೇಡಿ. 2006ರಲ್ಲಿ ಶುರುವಾದ ಪ್ಲಾಸ್ ಒನ್‌ನಂಥ ಜರ್ನಲ್‌ಗಳು ಶುಲ್ಕ ಪಡೆದೇ ಗಂಭೀರ ಪರಿಶೀಲನೆ ನಡೆಸಿವೆ. ಆದರೆ ಈ ದಾರಿಯಲ್ಲಿ ಪ್ರತಿ ಒಪ್ಪಿಗೆಯೂ ಆದಾಯ, ಪ್ರತಿ ತಿರಸ್ಕಾರವೂ ನಷ್ಟ. ಈ ಸೆಳೆತಕ್ಕೆ ಕಡಿವಾಣ ಹಾಕುವುದು ಸಂಪಾದಕರ ಬೆನ್ನುಮೂಳೆ ಮಾತ್ರ. ಅದು ಬಾಗಿದರೆ ಏನಾಗುತ್ತದೆ ಎಂಬುದಕ್ಕೆ ಮುಕ್ತ ಜರ್ನಲ್‌ಗಳ ಪ್ರಕಾಶನ ಸಂಸ್ಥೆ ಹಿಂದಾವಿ ಸಾಕ್ಷಿ. ಹಳೆಯ, ಗೌರವದ ಪ್ರಕಾಶನ ಸಂಸ್ಥೆಯಾದ ವೈಲಿ 2021ರಲ್ಲಿ ಸುಮಾರು 30 ಕೋಟಿ ಡಾಲರ್ ಕೊಟ್ಟು ಹಿಂದಾವಿಯನ್ನು ಕೊಂಡಿತು. ಅತಿಥಿ ಸಂಪಾದಕರ ‘ವಿಶೇಷ ಸಂಚಿಕೆ’ಗಳ ಮೂಲಕ ಪೇಪರ್ ಮಿಲ್‌ಗಳು, ಅಂದರೆ ದುಡ್ಡಿಗೆ ಲೇಖನ ತಯಾರಿಸಿ ಮಾರುವವರು, ರಾಶಿ ರಾಶಿ ಹುಸಿ ಲೇಖನ ತುರುಕಿದ್ದು ಆಮೇಲೆ ಹೊರಬಂತು. 2023 ಒಂದೇ ವರ್ಷದಲ್ಲಿ 8,000ಕ್ಕೂ ಹೆಚ್ಚು ಲೇಖನಗಳನ್ನು ಹಿಂಪಡೆಯಬೇಕಾಯಿತು, ಕೊನೆಗೆ ಹಿಂದಾವಿ ಎಂಬ ಹೆಸರನ್ನೇ ಬಿಟ್ಟರು. ಆ ಜರ್ನಲ್‌ಗಳಲ್ಲಿ ಪ್ರಾಮಾಣಿಕವಾಗಿ ಬರೆದವರ ಲೇಖನಗಳೂ ಇದ್ದವು. ಆ ಜರ್ನಲ್‌ನ ಹೆಸರು ಈಗ ಅವರ ಬಯೋಡೇಟಾದಲ್ಲಿ ಕೂತಿದೆ.

ಅದಕ್ಕೇ ನನ್ನ ಸಲಹೆ: ಎಪಿಸಿ ಜರ್ನಲ್‌ಗೆ ಹೋಗುವುದಾದರೆ ಮಾಮೂಲು ಸಂಚಿಕೆಗೆ ಕಳಿಸಿ. ‘ನಮ್ಮ ವಿಶೇಷ ಸಂಚಿಕೆಗೆ ಲೇಖನ ಕೊಡಿ’ ಎಂದು ಗುರುತಿಲ್ಲದವರು ಮೇಲ್ ಮಾಡಿದರೆ ಅತಿಥಿ ಸಂಪಾದಕರು ಯಾರು, ಆ ವಿಷಯದಲ್ಲಿ ಅವರ ಕೆಲಸ ಏನು ಎಂದು ಮೊದಲು ನೋಡಿ.

ಇನ್ನು ಹೈಬ್ರಿಡ್ ಜರ್ನಲ್. ಇದು ಚಂದಾ ಜರ್ನಲ್ಲೇ, ಒಪ್ಪಿಗೆಯಾದ ಮೇಲೆ ‘ದುಡ್ಡು ಕೊಟ್ಟರೆ ಮುಕ್ತ, ಇಲ್ಲದಿದ್ದರೆ ಚಂದಾದಾರರಿಗೆ’ ಎಂದು ಆಯ್ಕೆ ಕೊಡುತ್ತದೆ. ಫಾರಂ ಓದದೆ ಮೊದಲನೆಯದನ್ನು ಒತ್ತಿ, ಆಮೇಲೆ ಇನ್‌ವಾಯ್ಸ್ ಹಿಡಿದು ಗ್ರಂಥಾಲಯಕ್ಕೆ ಓಡಿಬರುವವರು ಇದ್ದಾರೆ. ನಿಧಾನವಾಗಿ ಓದಿ ಎರಡನೆಯದನ್ನು ಆರಿಸಿದರೆ ಒಂದು ಪೈಸೆ ಖರ್ಚಿಲ್ಲ.

ಇಬ್ಬರೂ ಕೊಡಬೇಕಿಲ್ಲದ ಜರ್ನಲ್

ನನಗೆ ಹೆಚ್ಚು ಗೌರವವಿರುವ ದಾರಿ ಇದು. ಯಾವುದೋ ಅಕಾಡೆಮಿ, ವಿದ್ವತ್ ಸಂಘ ಅಥವಾ ವಿಶ್ವವಿದ್ಯಾಲಯ ಖರ್ಚು ಹೊತ್ತುಕೊಳ್ಳುತ್ತದೆ, ಲೇಖಕನಿಗೂ ಓದುಗನಿಗೂ ಬಿಲ್ ಇಲ್ಲ. ಇದಕ್ಕೆ ಡೈಮಂಡ್ ಓಪನ್ ಆಕ್ಸೆಸ್ ಎಂಬ ಹೊಸ ಹೆಸರು ಬಂದಿದೆ, ಪದ್ಧತಿ ಮಾತ್ರ ಹಳೆಯದು. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ ಅದೇ ವರ್ಷದಿಂದ ಪ್ರೊಸೀಡಿಂಗ್ಸ್ ಪ್ರಕಟಿಸಿತು. ಭೌತಶಾಸ್ತ್ರಕ್ಕೆ ‘ಪ್ರಮಾಣ’, ಎಂಜಿನಿಯರಿಂಗ್‌ಗೆ ‘ಸಾಧನಾ’, ಜೊತೆಗೆ ಗಣಿತ, ರಸಾಯನಶಾಸ್ತ್ರ, ಭೂವಿಜ್ಞಾನ, ತಳಿವಿಜ್ಞಾನಕ್ಕೆ ಪ್ರತ್ಯೇಕ ಜರ್ನಲ್‌ಗಳು ಅಲ್ಲಿಂದ ಬರುತ್ತವೆ. 2007ರಿಂದ ಸ್ಪ್ರಿಂಗರ್ ಜೊತೆ ಸೇರಿ ಪ್ರಕಟಿಸುತ್ತಿದ್ದರೂ ಅಕಾಡೆಮಿ ತನ್ನ ಜಾಲತಾಣದಲ್ಲಿ ಲೇಖನಗಳನ್ನು ಓದಲು ತೆರೆದಿಟ್ಟಿದೆ. ನಮ್ಮ ಊರಲ್ಲೇ ಇಂಥದ್ದು ಇರುವಾಗ ನಮ್ಮ ವಿದ್ಯಾರ್ಥಿಗಳು ಮೂರೂ ಬಿಟ್ಟ ಯಾವುದೋ ‘ಇಂಟರ್‌ನ್ಯಾಷನಲ್’ ಜರ್ನಲ್‌ಗೆ ದುಡ್ಡು ಕಳಿಸುವುದನ್ನು ನೋಡಿದರೆ ಸಂಕಟವಾಗುತ್ತದೆ.

ಕೊರತೆಯೂ ಇದೆ. ಇಂಥ ಜರ್ನಲ್‌ಗಳ ಸಂಪಾದಕರು ಬೇರೆ ಕೆಲಸದ ನಡುವೆ ಇದನ್ನು ಮಾಡುವವರು. ಪರಿಶೀಲಕರು ಸಿಗುವುದು ತಡ, ಉತ್ತರ ಬರುವುದು ಇನ್ನೂ ತಡ. ಆರು ತಿಂಗಳಲ್ಲಿ ಪ್ರಮೋಷನ್ ಸಂದರ್ಶನ ಇಟ್ಟುಕೊಂಡು ಇಲ್ಲಿಗೆ ಕಳಿಸಿದರೆ ಎದೆ ಹೊಡೆದುಕೊಳ್ಳುತ್ತಾ ಕೂರಬೇಕಾಗುತ್ತದೆ. ಒಂದು ವರ್ಷ ಕೈಯಲ್ಲಿದ್ದರೆ ಕಣ್ಣುಮುಚ್ಚಿ ಕಳಿಸಬಹುದು.

ಕನ್ನಡದಲ್ಲಿ ಬರೆಯುವವರ ಪಾಡು

ಕನ್ನಡ, ಇತಿಹಾಸ, ಜಾನಪದ, ಶಾಸನಗಳ ಮೇಲೆ ಕೆಲಸ ಮಾಡುವವರಿಗೆ ಈ ಮೇಲಿನದು ಬಹುಪಾಲು ಅನ್ವಯಿಸುವುದೇ ಇಲ್ಲ. ಅವರ ಓದುಗರು ಕನ್ನಡದವರು. ಕನ್ನಡ ಸಾಹಿತ್ಯ ಪರಿಷತ್ತಿನ ಪತ್ರಿಕೆ 1916ರಲ್ಲಿ ಶುರುವಾಯಿತು. ‘ಪ್ರಬುದ್ಧ ಕರ್ನಾಟಕ’ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ಹೊರಟು ಮೈಸೂರು ವಿಶ್ವವಿದ್ಯಾಲಯ ಸೇರಿತು. ಡಿಓಐ (ಲೇಖನದ ಡಿಜಿಟಲ್ ಗುರುತಿನ ಸಂಖ್ಯೆ), ಸ್ಕೋಪಸ್ ಎಂಬ ಮಾತು ಹುಟ್ಟುವ ಎಷ್ಟೋ ದಶಕ ಮುಂಚೆ ಕನ್ನಡದ ಗಟ್ಟಿ ಸಂಶೋಧನೆ ಇಂಥ ಪುಟಗಳಲ್ಲಿ ಬಂದಿದೆ. ಆದರೆ ಅಂಕ ಕೊಡುವ ಪಟ್ಟಿಗಳು ಇಂಗ್ಲಿಷ್ ಕಡೆಗೇ ವಾಲಿದ್ದವು. ಭಾರತೀಯ ಭಾಷೆಗಳ ಒಳ್ಳೆಯ ಜರ್ನಲ್‌ಗಳು ಹೊರಗುಳಿದವೆಂಬುದು ಕೇರ್ ಪಟ್ಟಿಯನ್ನು ಕೈಬಿಡಲು ಕೊಟ್ಟ ಕಾರಣಗಳಲ್ಲೇ ಒಂದು.

ಇದರ ಪರಿಣಾಮವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಹಳಗನ್ನಡ ಕಾವ್ಯದ ಮೇಲೆ ಸೊಗಸಾಗಿ ಬರೆಯಬಲ್ಲ ಹುಡುಗಿ ಅದನ್ನು ಇಂಗ್ಲಿಷಿಗೆ ತಿರುಗಿಸಿ, ‘ಬಹುಶಿಸ್ತೀಯ ಅಂತಾರಾಷ್ಟ್ರೀಯ’ ಜರ್ನಲ್ ಒಂದರಲ್ಲಿ ಮೀನುಗಾರಿಕೆಯ ಲೇಖನಕ್ಕೂ ಜಿಎಸ್‌ಟಿ ಲೇಖನಕ್ಕೂ ನಡುವೆ ಹಾಕಿಸುತ್ತಾಳೆ. ಅಲ್ಲಿ ಅದನ್ನು ಓದಬಲ್ಲ ಪರಿಶೀಲಕ ಒಬ್ಬನೂ ಇಲ್ಲ, ಓದಬೇಕಾದವರಿಗೆ ಅದು ಅಲ್ಲಿರುವುದೇ ಗೊತ್ತಿಲ್ಲ. ಪಟ್ಟಿ ಹೋದ ಈ ಹೊತ್ತಿನಲ್ಲಿ ಕನ್ನಡ ವಿಭಾಗಗಳು ತಮ್ಮ ವಿಷಯದ ಒಳ್ಳೆಯ ಪತ್ರಿಕೆಗಳು ಯಾವುವೆಂದು ಸಭೆ ಕರೆದು, ನಿರ್ಣಯ ಬರೆದು, ವಿಶ್ವವಿದ್ಯಾಲಯದಿಂದ ಮಾನ್ಯ ಮಾಡಿಸಿಕೊಳ್ಳಲು ಅವಕಾಶವಿದೆ. ದಯವಿಟ್ಟು ಮಾಡಿ.

ಕನ್ನಡ ಪತ್ರಿಕೆಯನ್ನು ತೂಗುವಾಗ ಇಂಗ್ಲಿಷ್ ಜರ್ನಲ್‌ನ ಎಲ್ಲ ಅಲಂಕಾರ ಕೇಳಬೇಕಿಲ್ಲ. ಸಂಪಾದಕರು ಯಾರು, ಲೇಖನವನ್ನು ಅವರೊಬ್ಬರೇ ಓದುತ್ತಾರೋ ಹೊರಗಿನ ವಿದ್ವಾಂಸರಿಗೂ ಕಳಿಸುತ್ತಾರೋ, ಸಂಚಿಕೆ ಹೊತ್ತಿಗೆ ಸರಿಯಾಗಿ ಬರುತ್ತದೋ, ಹಳೆಯ ಸಂಚಿಕೆಗಳು ಎಲ್ಲಾದರೂ ಉಳಿದಿವೆಯೋ, ಹಿಂದಿನ ಲೇಖನವನ್ನು ಖಂಡಿಸಿ ಬರೆದದ್ದನ್ನು ಮುಂದಿನ ಸಂಚಿಕೆಯಲ್ಲಿ ಹಾಕುತ್ತಾರೋ ಎಂದು ನೋಡಿ. ಕೊನೆಯದು ಇದ್ದರೆ ಆ ಪತ್ರಿಕೆ ಜೀವಂತವಾಗಿದೆ.

ಮೂರು ದಿನದ ಜರ್ನಲ್

ಇದನ್ನು ಆಯ್ಕೆಯೆಂದು ಕರೆಯಲು ಮನಸ್ಸಿಲ್ಲ, ಆದರೆ ವಾಟ್ಸಾಪ್‌ನಲ್ಲಿ ಹೆಚ್ಚು ಬರುವುದು ಇದೇ. ‘ಕಡಿಮೆ ಶುಲ್ಕ, ಮೂರು ದಿನದಲ್ಲಿ ಪ್ರಕಟಣೆ, ಸಾಫ್ಟ್ ಕಾಪಿ ಜೊತೆ ಸರ್ಟಿಫಿಕೇಟ್ ಉಚಿತ.’ ಒಂದೆರಡು ಸಾವಿರ ರೂಪಾಯಿಯ ವ್ಯವಹಾರ. ಗೂಗಲ್ ಪೇ ನಂಬರು ಕೆಳಗೇ ಇರುತ್ತದೆ. ಇಮೇಲ್‌ನಲ್ಲಿ ಬರುವುದು ಇನ್ನೊಂದು ಧಾಟಿ: ನಿಮ್ಮನ್ನು ಮಹಾನ್ ವಿದ್ವಾಂಸರೆಂದು ಹೊಗಳಿ, ನಿಮ್ಮ ಹಳೆಯ ಪೇಪರ್‌ನ ಶೀರ್ಷಿಕೆ ಎತ್ತಿಹಾಕಿ, ಅದಕ್ಕೆ ಸಂಬಂಧವೇ ಇಲ್ಲದ ವಿಷಯದ ಜರ್ನಲ್‌ಗೆ ಕರೆಯುತ್ತಾರೆ. ಕನ್ನಡ ಎಂ.ಎ. ಮಾಡಿದವರಿಗೆ ನೇತ್ರಚಿಕಿತ್ಸೆಯ ಜರ್ನಲ್‌ನಿಂದ ಆಹ್ವಾನ ಬಂದದ್ದಿದೆ.

ಈ ಪಿಡುಗಿನಲ್ಲಿ ನಮ್ಮ ದೇಶದ ಪಾಲು ದೊಡ್ಡದು ಎಂಬುದನ್ನು ಮುಚ್ಚಿಟ್ಟು ಲಾಭವಿಲ್ಲ. 2013ರಲ್ಲಿ ‘ಸೈನ್ಸ್’ ಪತ್ರಿಕೆಗಾಗಿ ಜಾನ್ ಬೊಹಾನನ್ ಎಂಬ ಪತ್ರಕರ್ತರು ಎದ್ದುಕಾಣುವ ತಪ್ಪುಗಳಿದ್ದ ಕೃತಕ ಲೇಖನವನ್ನು 304 ಮುಕ್ತ ಜರ್ನಲ್‌ಗಳಿಗೆ ಕಳಿಸಿದರು. 157 ಒಪ್ಪಿಕೊಂಡವು, ಅದರಲ್ಲಿ ಭಾರತದ್ದೇ ಅತಿ ದೊಡ್ಡ ಗುಂಪು. ಹೈದರಾಬಾದಿನ ಓಮಿಕ್ಸ್ ಸಂಸ್ಥೆಯ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2016ರಲ್ಲಿ ದಾವೆ ಹೂಡಿತು. ಶುಲ್ಕವನ್ನು ಮೊದಲೇ ಹೇಳದಿದ್ದದ್ದು, ಒಪ್ಪದ ವಿದ್ವಾಂಸರ ಹೆಸರನ್ನು ಸಂಪಾದಕ ಮಂಡಳಿಯಲ್ಲಿ ಹಾಕಿಕೊಂಡದ್ದು, ಪರಿಶೀಲನೆ ನಡೆಸದೆ ನಡೆಸಿದ್ದೇವೆ ಎಂದದ್ದು ಮುಖ್ಯ ಆರೋಪಗಳು. 2019ರಲ್ಲಿ ನ್ಯಾಯಾಲಯ 5 ಕೋಟಿ ಡಾಲರ್‌ಗೂ ಹೆಚ್ಚು ಪಾವತಿಸಲು ಆದೇಶಿಸಿತು.

ಇನ್ನೂ ಕಪಟದ್ದು ಅಪಹೃತ ಜರ್ನಲ್. ನಿಜವಾದ ಹಳೆಯ ಜರ್ನಲ್‌ನ ಹೆಸರು, ಐಎಸ್‌ಎಸ್‌ಎನ್ ಎಂಬ ಗುರುತಿನ ಸಂಖ್ಯೆ ಎರಡನ್ನೂ ಕದ್ದು ಬೇರೆ ವೆಬ್‌ಸೈಟು ತೆರೆಯುತ್ತಾರೆ. ಆಸ್ಟ್ರಿಯಾದ ಸಸ್ಯಶಾಸ್ತ್ರದ ಜರ್ನಲ್ ‘ವುಲ್ಫೇನಿಯಾ’ಕ್ಕೆ ಹೀಗಾಗಿದೆ. 2022ರಿಂದ, ಹಿಂಪಡೆದ ಲೇಖನಗಳ ಮೇಲೆ ಕಣ್ಣಿಡುವ ‘ರಿಟ್ರಾಕ್ಷನ್ ವಾಚ್’ ಜಾಲತಾಣ ಇಂಥವುಗಳ ಪಟ್ಟಿ ಇಡುತ್ತಿದೆ, ಹೆಸರು ಹಾಕಿ ಹುಡುಕಲು ಎರಡು ನಿಮಿಷ ಸಾಕು.

ಹತ್ತಿರದಿಂದ ನೋಡುವುದು ಹೇಗೆ

ಒಂದು ನಿಯಮ ನೆನಪಿಡಿ. ಜರ್ನಲ್ ತನ್ನ ಬಗ್ಗೆ ಹೇಳಿಕೊಂಡದ್ದನ್ನು ಅದರ ಪುಟದಲ್ಲಿ ಪರೀಕ್ಷಿಸಬೇಡಿ. ಡಿಓಎಜೆಯಲ್ಲಿದ್ದೇವೆ ಎಂದರೆ ಡಿಓಎಜೆಗೇ ಹೋಗಿ ಹುಡುಕಿ. 1997ರಲ್ಲಿ ಬ್ರಿಟನ್ನಿನ ಸಂಪಾದಕರು ಕಟ್ಟಿಕೊಂಡ ಪ್ರಕಟಣಾ ನೀತಿ ಸಮಿತಿ ಕೋಪ್‌ನ ಸದಸ್ಯರೆಂದರೆ ಕೋಪ್‌ನ ಸದಸ್ಯರ ಪುಟ ನೋಡಿ. ಇಂಪ್ಯಾಕ್ಟ್ ಫ್ಯಾಕ್ಟರ್ ಎಂದರೆ ವೆಬ್ ಆಫ್ ಸೈನ್ಸ್ ನಡೆಸುವ ಕ್ಲಾರಿವೇಟ್ ಸಂಸ್ಥೆ ಕೊಡುವುದೊಂದೇ. ಹೆಸರಿಗೆ ಮುಂದೆ ಹಿಂದೆ ಏನಾದರೂ ಸೇರಿಸಿಕೊಂಡ ಉಳಿದ ‘ಫ್ಯಾಕ್ಟರ್’ಗಳನ್ನು ಬದಿಗಿಡಿ. ಐಎಸ್‌ಎಸ್‌ಎನ್ ಎಂಬುದು ಎಂಟಂಕಿಯ ಗುರುತಿನ ಸಂಖ್ಯೆ ಮಾತ್ರ. ಭಾರತದಲ್ಲಿ ಅದನ್ನು ದೆಹಲಿಯ ರಾಷ್ಟ್ರೀಯ ಕೇಂದ್ರ ಕೊಡುತ್ತದೆ, ಗುಣಮಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ. ಡಿಓಐ ಕೂಡ ಅಷ್ಟೇ.

ಆಮೇಲೆ ಜರ್ನಲ್‌ನ ಇತ್ತೀಚಿನ ಐದಾರು ಲೇಖನ ತೆರೆಯಿರಿ. ಮೊದಲ ಪುಟದ ಕೆಳಗೋ ಕೊನೆಯಲ್ಲೋ ಲೇಖನ ತಲುಪಿದ ದಿನ, ತಿದ್ದಿದ ದಿನ, ಒಪ್ಪಿದ ದಿನ ಇರುತ್ತವೆ. ಮಾರ್ಚ್ 3ಕ್ಕೆ ಬಂದದ್ದು ಮಾರ್ಚ್ 5ಕ್ಕೆ ಒಪ್ಪಿಗೆಯಾಗಿದ್ದರೆ ಯಾರೂ ಓದಿಲ್ಲ. ದಿನಾಂಕಗಳೇ ಇಲ್ಲದಿದ್ದರೆ ಅದೂ ಒಂದು ಉತ್ತರವೇ. ಸಂಪಾದಕ ಮಂಡಳಿಯಿಂದ ಇಬ್ಬರನ್ನು ಆಯ್ದು, ಅವರ ಸಂಸ್ಥೆಯ ಪುಟದಲ್ಲಿರುವ ಇಮೇಲ್‌ಗೆ ‘ತಾವು ಈ ಜರ್ನಲ್‌ನಲ್ಲಿದ್ದೀರಾ?’ ಎಂದು ಬರೆಯಿರಿ. ಸಂಕೋಚ ಬೇಡ. ‘ನನಗೆ ಗೊತ್ತೇ ಇಲ್ಲ’ ಎಂಬ ಉತ್ತರ ಬಂದದ್ದೂ ಇದೆ.

ಪರಿಶೀಲನೆಯ ಪತ್ರದಲ್ಲೂ ವ್ಯತ್ಯಾಸ ಕಾಣುತ್ತದೆ. ನಿಜವಾದ ಪರಿಶೀಲಕ ‘ಮೂರನೇ ಕೋಷ್ಟಕದ ಮೊತ್ತ ತಾಳೆಯಾಗುತ್ತಿಲ್ಲ, ಮಾದರಿಯನ್ನು ಹೇಗೆ ಆರಿಸಿದಿರಿ, ಈ ತೀರ್ಮಾನಕ್ಕೆ ನಿಮ್ಮ ದತ್ತಾಂಶ ಸಾಲದು’ ಎನ್ನುತ್ತಾನೆ. ಓದುವಾಗ ಮೈ ಉರಿಯುತ್ತದೆ, ತಿದ್ದಿದ ಮೇಲೆ ಲೇಖನ ಗಟ್ಟಿಯಾಗುತ್ತದೆ. ಹುಸಿ ಪತ್ರದಲ್ಲಿ ‘ಲೇಖನ ಚೆನ್ನಾಗಿದೆ, ಉಲ್ಲೇಖಗಳ ಮಾದರಿ ಸರಿಪಡಿಸಿ, ಶುಲ್ಕ ಪಾವತಿಸಿ’ ಎಂದಿರುತ್ತದೆ.

ಕೊನೆಗೆ ತಪ್ಪಿನ ಪ್ರಶ್ನೆ. ಜರ್ನಲ್‌ನ ಹೆಸರಿನ ಜೊತೆ correction (ತಿದ್ದುಪಡಿ), retraction (ಹಿಂಪಡೆ) ಎಂಬ ಇಂಗ್ಲಿಷ್ ಪದಗಳನ್ನು ಹಾಕಿ ಹುಡುಕಿ. ಹಿಂಪಡೆದ ಲೇಖನ ಸಿಕ್ಕಿತೆಂದು ಹೆದರಬೇಡಿ. ಯಾಕೆ ಹಿಂಪಡೆದರು, ಯಾರು ಕೇಳಿದರು, ಎಷ್ಟು ಬೇಗ ಎಂದು ಓದಿ. ‘ಲಾನ್ಸೆಟ್’ ಒಂದರಲ್ಲೇ ಎರಡು ಬಗೆಯ ಉದಾಹರಣೆ ಇದೆ. ಎಂಎಂಆರ್ ಲಸಿಕೆಯನ್ನು ಆಟಿಸಂಗೆ ಗಂಟುಹಾಕಿದ ವೇಕ್‌ಫೀಲ್ಡ್ ಲೇಖನ 1998ರಲ್ಲಿ ಬಂತು, ಪೂರ್ತಿ ಹಿಂಪಡೆದದ್ದು 2010ರಲ್ಲಿ. ಅಷ್ಟರಲ್ಲಿ ಲಸಿಕೆಯ ಭಯ ಜಗತ್ತಿಡೀ ಹಬ್ಬಿತ್ತು. ಕೋವಿಡ್ ಹೊತ್ತಿನಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಕುರಿತ ಲೇಖನ 2020ರ ಮೇ 22ಕ್ಕೆ ಬಂತು. ಅದರ ದತ್ತಾಂಶವನ್ನು ಯಾರೂ ಪರಿಶೀಲಿಸುವಂತಿಲ್ಲ ಎಂದು ಗೊತ್ತಾಗಿ ಜೂನ್ 4ಕ್ಕೆ ಹಿಂಪಡೆದರು. ದೊಡ್ಡ ಜರ್ನಲ್‌ಗೂ ತಪ್ಪಾಗುತ್ತದೆ. ಹತ್ತು ವರ್ಷ ಸಾವಿರಾರು ಲೇಖನ ಪ್ರಕಟಿಸಿಯೂ ಒಂದೇ ಒಂದು ತಿದ್ದುಪಡಿ ಹಾಕದ ಜರ್ನಲ್ ಕಂಡರೆ ನನಗೆ ಅನುಮಾನ ಬರುತ್ತದೆ.

ನಮ್ಮ ಕಡೆಯ ನಿಯತ್ತು

ಜರ್ನಲ್ ಸರಿಯಿದ್ದು ಲೇಖಕ ಸರಿಯಿಲ್ಲದಿದ್ದರೂ ಕೆಟ್ಟಿತು. ಒಂದೇ ಲೇಖನವನ್ನು ಏಕಕಾಲಕ್ಕೆ ಎರಡು ಕಡೆ ಕಳಿಸಬಾರದು. ಹೆಸರು ಸೇರಿಸುವ ವಿಚಾರ ಇನ್ನೂ ಸೂಕ್ಷ್ಮ. ವೈದ್ಯಕೀಯ ಸಂಪಾದಕರ ಅಂತಾರಾಷ್ಟ್ರೀಯ ಸಮಿತಿಯ ನಿಯಮ ಸ್ಪಷ್ಟವಾಗಿದೆ: ಕೆಲಸದ ಯೋಜನೆಯಲ್ಲೋ ದತ್ತಾಂಶದಲ್ಲೋ ಪಾಲಿರಬೇಕು, ಬರೆದಿರಬೇಕು ಅಥವಾ ತಿದ್ದಿರಬೇಕು, ಅಂತಿಮ ಪ್ರತಿಗೆ ಒಪ್ಪಿರಬೇಕು, ಮುಂದೆ ಪ್ರಶ್ನೆ ಬಂದರೆ ಉತ್ತರಿಸಲು ಸಿದ್ಧರಿರಬೇಕು. ನಾಲ್ಕೂ ಬೇಕು. ‘ಎಚ್‌ಒಡಿ ಸರ್ ಹೆಸರು ಹಾಕದಿದ್ದರೆ ಬೇಜಾರು ಮಾಡ್ಕೋತಾರೆ’ ಎಂಬುದು ಐದನೆಯ ನಿಯಮವಲ್ಲ. ವಿದ್ಯಾರ್ಥಿ ಇದನ್ನು ಬಾಯಿಬಿಟ್ಟು ಹೇಳುವುದು ಕಷ್ಟ, ನನಗೆ ಗೊತ್ತು. ಅದಕ್ಕೇ ಕೆಲಸ ಶುರುವಾಗುವಾಗಲೇ ಯಾರು ಏನು ಮಾಡುತ್ತಾರೆ, ಹೆಸರಿನ ಕ್ರಮ ಏನು ಎಂದು ಒಂದು ಮೇಲ್‌ನಲ್ಲಿ ಬರೆದು ಎಲ್ಲರಿಗೂ ಕಳಿಸಿಬಿಡಿ. ಈ ಮಾತನ್ನು ಗೈಡ್ ಆದವರೇ ಎತ್ತಿದರೆ ಇನ್ನೂ ಒಳ್ಳೆಯದು.

ಯುಜಿಸಿಯ 2018ರ ಕೃತಿಚೌರ್ಯ ನಿಯಮದಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ, ಅದರ ಮೇಲೆ 40, 60 ಎಂದು ಹಂತಗಳಿವೆ, 60 ದಾಟಿದರೆ ನೋಂದಣಿಯೇ ರದ್ದು. ಇದರ ಅಡ್ಡ ಪರಿಣಾಮವಾಗಿ ಎಲ್ಲರೂ ಶೇಕಡಾವಾರನ್ನೇ ಬೆನ್ನಟ್ಟುತ್ತಿದ್ದಾರೆ. ಕದ್ದ ಪ್ಯಾರಾವನ್ನು ಸಾಫ್ಟ್‌ವೇರ್‌ಗೆ ಹಾಕಿ ಪದ ಬದಲಿಸಿದರೆ ಶೇ. 4 ತೋರಿಸಬಹುದು, ಕಳ್ಳತನ ಕಳ್ಳತನವೇ. ಇತ್ತ ವಿಧಾನವನ್ನು ವಿವರಿಸುವ ನಾಲ್ಕು ಸಾಮಾನ್ಯ ವಾಕ್ಯಕ್ಕೆ ಶೇ. 12 ಬಂದು ಹೆದರುವ ಪ್ರಾಮಾಣಿಕರೂ ಇದ್ದಾರೆ. ರಿಪೋರ್ಟಿನ ಮೊದಲ ಪುಟದ ಸಂಖ್ಯೆ ಬಿಟ್ಟು ಒಳಗಿನ ಬಣ್ಣದ ಸಾಲುಗಳನ್ನು ಓದಿ. ಎಐ ಉಪಕರಣ ಬಳಸಿದ್ದರೆ ಜರ್ನಲ್‌ನ ನಿಯಮದಂತೆ ತಿಳಿಸಿ. ಅದು ಲೇಖಕನಾಗಲಾರದು ಎಂದು ಕೋಪ್ 2023ರಲ್ಲೇ ಹೇಳಿದೆ, ಯಾಕೆಂದರೆ ಅದಕ್ಕೆ ಹೊಣೆ ಹೊರಲು ಬರುವುದಿಲ್ಲ.

ಅವಸರದ ಬಗ್ಗೆಯೂ ಒಂದು ಮಾತು. 2022ರ ಪಿಎಚ್‌ಡಿ ನಿಯಮಾವಳಿಯಲ್ಲಿ, ಪ್ರಬಂಧ ಸಲ್ಲಿಸುವ ಮುನ್ನ ಜರ್ನಲ್‌ನಲ್ಲಿ ಪ್ರಕಟಿಸಿರಲೇಬೇಕೆಂಬ ಹಳೆಯ ಷರತ್ತನ್ನು ಯುಜಿಸಿ ಕೈಬಿಟ್ಟಿದೆ. ನಿಮ್ಮ ವಿಶ್ವವಿದ್ಯಾಲಯ ಅದನ್ನು ತಾನಾಗಿ ಉಳಿಸಿಕೊಂಡಿರಬಹುದು. ಮೂರು ದಿನದ ಜರ್ನಲ್‌ಗೆ ಹಣ ಕಟ್ಟುವ ಮುಂಚೆ ನಿಮ್ಮ ಕೈಪಿಡಿ ತೆರೆದು ಓದಿ.

ಈಗಾಗಲೇ ಸಿಕ್ಕಿಕೊಂಡಿದ್ದರೆ

ದುಡ್ಡು ಕಟ್ಟಿಲ್ಲ, ಕಾಪಿರೈಟ್ ಫಾರಂಗೆ ಸಹಿ ಹಾಕಿಲ್ಲ ಎಂದರೆ ದಾರಿ ಸುಲಭ. ಎರಡನ್ನೂ ಮಾಡಬೇಡಿ. ‘ನನ್ನ ಲೇಖನವನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ, ಪ್ರಕಟಿಸಲು ನನ್ನ ಅನುಮತಿ ಇಲ್ಲ’ ಎಂದು ದಿನಾಂಕ ಸಹಿತ ಮೇಲ್ ಕಳಿಸಿ, ಗೈಡ್‌ಗೂ ಪ್ರತಿ ಹಾಕಿ. ‘ವಾಪಸ್ ಶುಲ್ಕ’ ಕೇಳುತ್ತಾರೆ, ವಕೀಲರ ನೋಟಿಸ್ ಎಂದು ಹೆದರಿಸುತ್ತಾರೆ. ಕೊಡಬೇಡಿ. ಒಂದು ಸಲ ಕೊಟ್ಟರೆ ಇನ್ನೊಂದು ಸಲ ಕೇಳುತ್ತಾರೆ. ಅವರು ಉತ್ತರಿಸದಿದ್ದರೆ ಹದಿನೈದು ದಿನ ಬಿಟ್ಟು ಮತ್ತೊಮ್ಮೆ ಬರೆಯಿರಿ.

ಆಗಲೇ ಪ್ರಕಟವಾಗಿಬಿಟ್ಟಿದ್ದರೆ ಅದೇ ಲೇಖನವನ್ನು ಏನೂ ಹೇಳದೆ ಬೇರೆ ಜರ್ನಲ್‌ಗೆ ಕಳಿಸಬೇಡಿ, ಹೋಲಿಕೆಯ ತಪಾಸಣೆಯಲ್ಲಿ ನಿಮ್ಮದೇ ಲೇಖನ ನಿಮ್ಮನ್ನು ಹಿಡಿದುಹಾಕುತ್ತದೆ. ಹೊಸ ಜರ್ನಲ್‌ನ ಸಂಪಾದಕರಿಗೆ ನಡೆದದ್ದನ್ನು ನಡೆದಂತೆ ಬರೆದು, ಹಿಂಪಡೆಯುವಂತೆ ಕೇಳಿದ ಮೇಲ್‌ಗಳ ಪ್ರತಿ ಲಗತ್ತಿಸಿ, ಪರಿಗಣಿಸುವಿರಾ ಎಂದು ಕೇಳಿ. ಕೆಲವರು ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ. ಒಪ್ಪದಿದ್ದರೆ ಆ ದತ್ತಾಂಶವನ್ನು ವಿಸ್ತರಿಸಿ, ಹೊಸ ಪ್ರಶ್ನೆಯಿಟ್ಟು, ಹಳೆಯದನ್ನು ಉಲ್ಲೇಖಿಸಿಯೇ ಹೊಸ ಲೇಖನ ಬರೆಯಬೇಕಾಗುತ್ತದೆ. ಆ ಕೆಲಸಕ್ಕೆ ಕೂರುವ ಮುನ್ನ ನಿಮ್ಮ ಗ್ರಂಥಪಾಲಕರನ್ನೊಮ್ಮೆ ಕಾಣಿ. ಮುಂದಿನ ಜರ್ನಲ್‌ನ ಪುಟಗಳನ್ನು ಇಬ್ಬರೂ ಕೂತು ನೋಡಲು ಅರ್ಧ ಗಂಟೆ ಸಾಕು.